ಅರೆನೇಯ್ಗೆಯಲ್ಲಿ ಕಡಿದ ಕರಾರು
ದೇವಸಮುದ್ರವನ್ನೊಳಗೊಂಡ ಮೊಳಕಾಲ್ಮೂರು ಸೀಮೆಯು ರೇಷ್ಮೆಸೀರೆಗೆ ಹೆಸರಾದುದಷ್ಟೆ. ಮದುವೆಗೆಂದು ಬಣ್ಣ, ಅಂಚುಗಳನ್ನು ಹೇಳಿ ನೇಯಿಸಿದ ಸೀರೆಯು ಮಗ್ಗದಲ್ಲಿ ಅರ್ಧವಾಗಿರುವಾಗ ‘ಬೇಡ’ವೆಂಬ ಮಾತು ಬಂದರೆ, ಸ್ವಂತ ನೂಲು ಹಾಕಿದ ನೇಕಾರನ ಗತಿಯೇನು?

ಇದಕ್ಕೆ ವಿಮೆಯುಂಟೇ ಎಂದು ವಾಚಕರು ಕೇಳಬಹುದು. 2015ರಲ್ಲಿ ಮೊದಲಾದ ಸರಕಾರದ ಎರಡು ವಿಮೆಗಳಲ್ಲಿ, ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿಯು ಮರಣಕ್ಕೂ, 20 ರೂಪಾಯಿಯ ಸುರಕ್ಷಾ ವಿಮೆಯು ಅಪಘಾತದ ಮರಣ, ಅಂಗವೈಕಲ್ಯಗಳಿಗೂ 2 ಲಕ್ಷದವರೆಗೆ ಕೊಡುವುವು. ಕಡಿದ ಕರಾರಿಗೆ ಇವು ಕಾಸನ್ನೂ ಕೊಡವು.

ಆದರೆ 1872ರ ಕರಾರು ಕಾಯಿದೆಯ 73ನೆಯ ಕಲಮಿನಂತೆ, ಕರಾರು ಮುರಿದವನು ಅದರಿಂದ ಸಹಜವಾಗಿ ಒದಗುವ ನಷ್ಟವನ್ನು ತುಂಬಿಕೊಡತಕ್ಕದ್ದು. ಬಾಯಿಮಾತಿನ ಕರಾರೂ ಕರಾರೇ. ಅದನ್ನು ರುಜುವಾತುಪಡಿಸುವುದೇ ಕಷ್ಟ.

ನಮ್ಮ ಹಿರಿಯರು ಮುಂಗಡವನ್ನು ಸಂಚಕಾರವೆಂದರು. ಇದು ‘ಸತ್ಯಂಕಾರ’ದ ತದ್ಭವ, ಮಾತನ್ನು ಸತ್ಯವಾಗಿಸುವುದೆಂದು ಅರ್ಥ. ಕಲ್ಯಾಣದ ಚಾಲುಕ್ಯರ ಕಾಲದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ, ಕೊಟ್ಟವನು ತಪ್ಪಿದರೆ ಸಂಚಕಾರವನ್ನು ಬಿಡತಕ್ಕದ್ದು, ಪಡೆದವನು ತಪ್ಪಿದರೆ ಇಮ್ಮಡಿ ತೆರತಕ್ಕದ್ದು ಎಂದಿರುವನು.

ಆದಕಾರಣ ನೇಕಾರನಾಗಲಿ, ಗಾರೆಯವನಾಗಲಿ, ಮದುವೆಯ ಅಡಿಗೆಯವನಾಗಲಿ, ಕೆಲಸ ಹಿಡಿಯುವ ಮುನ್ನವೇ ಬೆಲೆ, ಗಡುವು, ಮುಂಗಡ, ನಡುವೆ ಬೇಡವೆಂದರೆ ಸಲ್ಲತಕ್ಕ ಹಣ ಈ ನಾಲ್ಕನ್ನೂ ಚೀಟಿಯಲ್ಲಿ ಬರೆದು ಇಬ್ಬರೂ ರುಜು ಹಾಕುವುದು ಲೇಸು. ಮುಂಗಡವು ಸಾಮಗ್ರಿಯ ಬೆಲೆಗೆ ಕಡಮೆಯಾಗದಿರಲಿ.

ಇಷ್ಟಾಗಿ, ‘ಬೇಡ’ವೆನ್ನುವವರು ಬಹುಮಟ್ಟಿಗೆ ಗೃಹಸ್ಥರಾದ ನಾವೇ. ದುಡಿಯುವವನಿಗೆ ನಮ್ಮ ಮಾತೇ ಮೊದಲನೆಯ ವಿಮೆಯೆಂಬುದನ್ನು ನಾವು ಮರೆಯಲಾಗದು.