ಸಾಲದ ಷೇರು, ಲಾಭಾಂಶದ ಲೆಕ್ಕ

ಸಾಲ ಮಾಡಿ ಹಸು ಕಟ್ಟಿದವರು ಮೊದಲು ನೋಡುವುದು ಒಂದೇ: ಹಾಲಿನ ದುಡ್ಡಿನಲ್ಲಿ ಬಡ್ಡಿ ತೀರುತ್ತದೆಯೇ? ತೀರಿದರೆ ಸಂತೆಯಲ್ಲಿ ಹಸುವಿನ ಬೆಲೆ ಇಳಿದರೂ ಕಾಯಬಹುದು. ತೀರದಿದ್ದರೆ, ಬೆಲೆ ಏರಲೆಂದು ದೇವರಿಗೆ ಹರಕೆ ಹೊರಬೇಕು. ಸಾಲ ತಂದು ಷೇರು ಕೊಳ್ಳುವವರ ಪಾಡೂ ಇದೇ. ಅಲ್ಲಿ ಹಾಲಿನ ಜಾಗದಲ್ಲಿರುವುದು ಲಾಭಾಂಶ, ಅಂದರೆ ಕಂಪನಿಯು ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು.

ಒಂದು ಲೆಕ್ಕ ಹಾಕಿ ನೋಡೋಣ. ಕೈಯಲ್ಲಿ 1 ಲಕ್ಷ ರೂಪಾಯಿ ಇದೆ. ಶೇಕಡಾ 10ರ ಬಡ್ಡಿಗೆ ಇನ್ನೊಂದು ಲಕ್ಷ ತಂದು 2 ಲಕ್ಷದ ಷೇರು ಕೊಂಡಿರಿ ಎನ್ನಿ. ಲಾಭಾಂಶ ಶೇಕಡಾ 3 ಎಂದರೆ ವರ್ಷಕ್ಕೆ 6 ಸಾವಿರ ಬರುತ್ತದೆ. ಬಡ್ಡಿಗೆ 10 ಸಾವಿರ ಹೋಗುತ್ತದೆ. ಷೇರಿನ ಬೆಲೆ ಶೇಕಡಾ 10 ಏರಿದರೆ ಎಲ್ಲ ಕಳೆದು 16 ಸಾವಿರ ಉಳಿಯುತ್ತದೆ. ಸಾಲವಿಲ್ಲದೆ ಸ್ವಂತ ಹಣವನ್ನಷ್ಟೇ ಹೂಡಿದ್ದರೆ ಸಿಗುತ್ತಿದ್ದುದು 13 ಸಾವಿರ. ಆದರೆ ಬೆಲೆ ಅಷ್ಟೇ ಇಳಿದರೆ ಸಾಲಗಾರನಿಗೆ ನಷ್ಟ 24 ಸಾವಿರ, ಸಾಲವಿಲ್ಲದವನಿಗೆ 7 ಸಾವಿರ. ಬೆಲೆ ಇದ್ದಲ್ಲೇ ಇದ್ದರೂ ಒಬ್ಬನಿಗೆ 3 ಸಾವಿರ ಲಾಭ, ಇನ್ನೊಬ್ಬನಿಗೆ 4 ಸಾವಿರ ನಷ್ಟ!

ಲಾಭಾಂಶವೇನೂ ಪುಕ್ಕಟೆ ಬರುವ ಹಣವಲ್ಲ. ಅದನ್ನು ಹಂಚಿದಾಗ ಸಾಮಾನ್ಯವಾಗಿ ಷೇರಿನ ಬೆಲೆ ಅಷ್ಟರಮಟ್ಟಿಗೆ ತಗ್ಗುತ್ತದೆ. ಆದ್ದರಿಂದ ಸಾಲ ಲಾಭ ತಂದಿತೇ ಎಂದು ತಿಳಿಯಲು ಲಾಭಾಂಶವನ್ನೂ ಬೆಲೆಯ ಏರಿಕೆಯನ್ನೂ ಕೂಡಿಸಿ, ಆ ಮೊತ್ತ ಬಡ್ಡಿಯನ್ನು ಮೀರಿತೇ ಎಂದು ನೋಡಬೇಕು. ಆದರೆ ಲಾಭಾಂಶಕ್ಕೆ ಇನ್ನೊಂದು ಗುಣವಿದೆ. ಅದು ಕೈಗೆ ಬರುವ ನಗದು. ಷೇರು ಮಾರದೆ ಬಡ್ಡಿ ಕಟ್ಟಿ ಕಾಯುವ ಶಕ್ತಿಯನ್ನು ಅದು ಕೊಡುತ್ತದೆ.

ಈ ಶಕ್ತಿ ಇಲ್ಲದವರ ಗತಿ ಏನೆಂಬುದನ್ನು 1929ರ ಅಮೆರಿಕ ಕಂಡಿತು. ಆ ವರ್ಷದ ಆಗಸ್ಟ್‌ನಲ್ಲಿ, ಹಿಂದೆ ಜನರಲ್ ಮೋಟಾರ್ಸ್‌ನ ಹಣಕಾಸು ನೋಡಿಕೊಂಡಿದ್ದ ಜಾನ್ ರಾಸ್ಕಬ್ ಮಹಿಳಾ ಪತ್ರಿಕೆಯೊಂದರಲ್ಲಿ ಒಂದು ಸಲಹೆ ಕೊಟ್ಟರು: ತಿಂಗಳಿಗೆ 15 ಡಾಲರ್ ಒಳ್ಳೆಯ ಷೇರುಗಳಲ್ಲಿ ಹೂಡಿ, ಲಾಭಾಂಶವನ್ನು ಮುಟ್ಟದೆ ಬೆಳೆಯಲು ಬಿಟ್ಟರೆ 20 ವರ್ಷಗಳಲ್ಲಿ ಕನಿಷ್ಠ 80 ಸಾವಿರ ಡಾಲರ್ ಆಗುತ್ತದೆ. ಅಷ್ಟು ವರ್ಷ ಕಾಯುವ ತಾಳ್ಮೆ ಪೇಟೆಗಿರಲಿಲ್ಲ. ಬೆಲೆಯ ಒಂದು ಭಾಗವನ್ನಷ್ಟೇ ಕೊಟ್ಟು, ಉಳಿದದ್ದಕ್ಕೆ ದಲ್ಲಾಳಿಯಿಂದ ಸಾಲ ಪಡೆದು ಷೇರು ಕೊಳ್ಳುವವರು ಹೆಚ್ಚಿದ್ದರು. ಅಕ್ಟೋಬರ್ ಹೊತ್ತಿಗೆ ದಲ್ಲಾಳಿಗಳ ಸಾಲ ಸುಮಾರು 850 ಕೋಟಿ ಡಾಲರ್ ಮುಟ್ಟಿತ್ತು. ಇಂಥ ಸಾಲದ ಬಡ್ಡಿ ಮಾರ್ಚ್‌ನಲ್ಲೊಮ್ಮೆ ಶೇಕಡಾ 20ಕ್ಕೇರಿತ್ತು. ಲಾಭಾಂಶವಾದರೋ ಶೇಕಡಾ 3ರ ಆಸುಪಾಸಿನಲ್ಲಿತ್ತು.

ಬೆಲೆ ಏರುವಷ್ಟು ದಿನ ಈ ಅಂತರ ಯಾರ ಕಣ್ಣಿಗೂ ಬೀಳಲಿಲ್ಲ. ಇಳಿಯತೊಡಗಿದಾಗ ದಲ್ಲಾಳಿಗಳು ಇನ್ನಷ್ಟು ಹಣ ಕೇಳಿದರು. ಕೊಡಲಾಗದವರ ಷೇರುಗಳನ್ನು ಸಿಕ್ಕ ಬೆಲೆಗೆ ಮಾರಿದರು. ಆ ಮಾರಾಟದಿಂದ ಬೆಲೆ ಮತ್ತೂ ಕುಸಿಯಿತು. 1929ರ ಸೆಪ್ಟೆಂಬರ್‌ನಲ್ಲಿ 381 ಇದ್ದ ಡೌ ಜೋನ್ಸ್ ಸೂಚ್ಯಂಕ 1932ರ ಜುಲೈನಲ್ಲಿ 41ಕ್ಕಿಳಿಯಿತು. ಕಂಪನಿಗಳು ಹಂಚುವ ಲಾಭಾಂಶವೂ ಅರ್ಧದಷ್ಟಾಯಿತು. ಲಾಭಾಂಶ ಕಡಿತವಾಯಿತೆಂದು ಸಾಲಗಾರ ತನ್ನ ಸಾಲವನ್ನು ಅರ್ಧಕ್ಕಿಳಿಸುವಂತಿರಲಿಲ್ಲ.

ಸೂಚ್ಯಂಕ ಮತ್ತೆ ಆ ಎತ್ತರ ಮುಟ್ಟಿದ್ದು 1954ರಲ್ಲಿ. ಆದರೆ ಲಾಭಾಂಶವನ್ನು ಮರಳಿ ಷೇರಿಗೇ ಹಾಕುತ್ತ ಬಂದವರ ಹಣ 1940ರ ದಶಕದ ನಡುವಿನಲ್ಲೇ ಹಳೆಯ ಮಟ್ಟಕ್ಕೆ ಬಂದಿತ್ತು. ಬಿದ್ದ ಬೆಲೆಗೆ ಕೊಂಡ ಷೇರುಗಳೇ ಅವರನ್ನು ಮೇಲೆತ್ತಿದವು. ಆ ಫಲ ದಕ್ಕಿದ್ದು ಸಾಲವಿಲ್ಲದೆ ಕಾದವರಿಗೆ. ಸಾಲ ಮಾಡಿದವರ ಷೇರುಗಳು ಎಂದೋ ಕೈಬಿಟ್ಟು ಹೋಗಿದ್ದವು.