ರೂಟರ್ ಹಳೆಯ ವಿಳಾಸ ಮರೆಯದೇಕೆ?

ಪ್ರಶ್ನೆ: ಹೊಸ ಮನೆಗೆ ಬಂದು ಹಳೆಯ ವೈಫೈ ರೂಟರನ್ನೇ ಹಾಕಿಸಿದೆವು. ಕೆಲವು ದಿನ ಫೋನಿನ ಮ್ಯಾಪ್ ಹಳೆಯ ಮನೆಯನ್ನೇ ತೋರಿಸುತ್ತಿತ್ತು. ಏಕೆ?

ಉತ್ತರ: ರೂಟರ್ ತನ್ನ ಗುರುತಿನ ಸಂಖ್ಯೆಯನ್ನು ಸೆಕೆಂಡಿಗೆ ಸುಮಾರು 10 ಬಾರಿ ರೇಡಿಯೊ ಅಲೆಗಳಲ್ಲಿ ಸಾರುತ್ತಲೇ ಇರುತ್ತದೆ. ಪಾಸ್‌ವರ್ಡ್ ಗೊತ್ತಿಲ್ಲದ ಫೋನಿಗೂ ಅದು ಸಿಗುತ್ತದೆ. ಹತ್ತಿರ ಹಾದುಹೋಗುವ ಫೋನುಗಳು ಆ ಸಂಖ್ಯೆಯನ್ನೂ ತಾವಿರುವ ಜಿಪಿಎಸ್ ಸ್ಥಾನವನ್ನೂ ಜೋಡಿಸಿ ಗೂಗಲ್, ಆಪಲ್‌ನಂಥ ಕಂಪನಿಗಳಿಗೆ ಕಳಿಸುತ್ತವೆ. ಹೀಗೆ ದೊಡ್ಡದೊಂದು ಪಟ್ಟಿ ಬೆಳೆಯುತ್ತದೆ. ಉಪಗ್ರಹದ ಸಂಕೇತ ಸರಿಯಾಗಿ ಸಿಗದ ಒಳಕೋಣೆಯಲ್ಲಿ ಫೋನು ಸುತ್ತಲಿನ ರೂಟರುಗಳನ್ನೂ ಅವುಗಳ ಸಂಕೇತದ ಬಲವನ್ನೂ ನೋಡಿ, ಆ ಪಟ್ಟಿಯ ನೆರವಿನಿಂದ ತನ್ನ ಜಾಗ ಅಂದಾಜು ಮಾಡುತ್ತದೆ. ನಿಮ್ಮ ರೂಟರ್ ಮನೆ ಬದಲಿಸಿದರೂ ಪಟ್ಟಿಯಲ್ಲಿ ಹಳೆಯ ಜಾಗವೇ ಉಳಿದಿತ್ತು. ಹೊಸ ಬೀದಿಯ ಫೋನುಗಳಿಂದ ಮಾಹಿತಿ ಹೋದ ಮೇಲೆ ಸರಿಯಾಯಿತು.

ಇಂಥ ಪಟ್ಟಿ ಕಂಪನಿಗಳಲ್ಲಿ ಮಾತ್ರ ಇಲ್ಲ. 2001ರಲ್ಲಿ ಶುರುವಾದ ‘ವಿಗಲ್’ ಜಾಲತಾಣದ ಪಟ್ಟಿಯನ್ನು ಕಟ್ಟಿದವರು ಹವ್ಯಾಸಿಗಳು. ನನ್ನನ್ನು ಕಾಡುವುದು ಇದೇ: ಕಿರುಕುಳಕ್ಕೆ ಅಂಜಿ ಊರು ಬಿಟ್ಟ ಹೆಣ್ಣುಮಗಳ ಹೊಸ ನೆಲೆಯನ್ನು, ರೂಟರಿನ ಗುರುತಿನ ಸಂಖ್ಯೆ ಬಲ್ಲವರು ಇಂಥ ಪಟ್ಟಿಯಲ್ಲಿ ಹುಡುಕಿದರೆ, ಜೊತೆಗೆ ಒಯ್ದ ರೂಟರೇ ಬಿಟ್ಟುಕೊಡಬಹುದು. ಅಂಥವರು ದಯವಿಟ್ಟು ಹೊಸ ರೂಟರ್ ಕೊಳ್ಳಲಿ. ಉಳಿದವರು ವೈಫೈ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಹಾಕಿ, ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ‘ನೋಮ್ಯಾಪ್’ ಎಂದು ಸೇರಿಸಿ. ‘ನನ್ನ ರೂಟರನ್ನು ಪಟ್ಟಿಗೆ ಸೇರಿಸಬೇಡಿ’ ಎಂಬ ಆ ಕೋರಿಕೆಯನ್ನು ಗೂಗಲ್, ಆಪಲ್ ಎರಡೂ ಮನ್ನಿಸುತ್ತವೆ.