ತಪ್ಪಿದ ದಿನದ ಮಾರನೆಯ ದಿನ

ಯುಗಾದಿಯ ದಿನ ಬೇವುಬೆಲ್ಲವನ್ನು ಮೆದ್ದ ಬಾಯಿಯಿಂದಲೇ ನಾವು ಹೊಸ ಸಂಕಲ್ಪಗಳನ್ನೂ ಮಾಡಿಕೊಳ್ಳುವುದುಂಟು. ನಾಳೆಯಿಂದ ಬೆಳಗಿನ ಜಾವದಲ್ಲಿ ಏಳಬೇಕು, ದಿನಕ್ಕೆ ಹತ್ತು ಪುಟಗಳನ್ನಾದರೂ ಓದಬೇಕು, ಮಕ್ಕಳ ಮೇಲೆ ಸಿಡುಕಬಾರದು, ಖರ್ಚಿನ ಲೆಕ್ಕವನ್ನು ಬರೆದಿಡಬೇಕು ಎಂದು ಮನಸ್ಸಿನಲ್ಲಿಯೇ ಒಂದು ಪಟ್ಟಿಯು ಸಿದ್ಧವಾಗುತ್ತದೆ. ಒಂಬತ್ತನೆಯ ದಿನ, ರಾಮನವಮಿಯ ಪಾನಕವನ್ನು ಕುಡಿಯುವ ಹೊತ್ತಿಗೆ, ಆ ಪಟ್ಟಿಯಲ್ಲಿ ಉಳಿದಿರುವುದೆಷ್ಟು ಎಂಬುದನ್ನು ವಾಚಕರು ತಮ್ಮ ತಮ್ಮ ಅನುಭವದಿಂದಲೇ ಅರಿಯಬಲ್ಲರು.

ನಮ್ಮ ಕಥೆಯೂ ಇದಕ್ಕಿಂತ ಬೇರೆಯಲ್ಲ. ನಮ್ಮ ಹಳೆಯ ಪೆಟ್ಟಿಗೆಯಲ್ಲಿ ಮೂರು ದಿನಚರಿಯ ಪುಸ್ತಕಗಳಿವೆ. ಮೂರರಲ್ಲಿಯೂ ನಮ್ಮ ಆತ್ಮಪರೀಕ್ಷೆಯ ಬರಹವು ಜನವರಿ ತಿಂಗಳನ್ನು ದಾಟಿಲ್ಲ. ಒಂದರಲ್ಲಂತೂ 11ನೆಯ ತಾರೀಖಿಗೇ ನಿಂತುಹೋಗಿದೆ. 12ರಂದು ಮನೆಗೆ ನೆಂಟರು ಬಂದಿದ್ದರು. 13ರ ರಾತ್ರಿ ಪುಸ್ತಕವನ್ನು ತೆರೆದಾಗ ಹಿಂದಿನ ದಿನದ ಬರಿಯ ಪುಟವು ಕಣ್ಣಿಗೆ ಬಿದ್ದಿತು. ವ್ರತವು ಕೆಟ್ಟಿತು, ಇನ್ನೇನು ಬರೆಯುವುದು ಎಂದುಕೊಂಡು ಪುಸ್ತಕವನ್ನು ಮುಚ್ಚಿಬಿಟ್ಟೆವು. ಆದರೆ ಆ ಪುಸ್ತಕದ ಉಳಿದ ಪುಟಗಳು ಖಾಲಿಯಾಗಿಲ್ಲ. ಫೆಬ್ರುವರಿಯಿಂದ ಡಿಸೆಂಬರಿನವರೆಗೆ ನಮ್ಮ ಮನೆಯವರು ಅದರಲ್ಲಿ ಹಾಲಿನ ಲೆಕ್ಕವನ್ನು ಬರೆದಿದ್ದಾರೆ. ಹಾಲು ಬಾರದ ದಿನ ಒಂದು ಅಡ್ಡಗೆರೆ. ಮಾರನೆಯ ದಿನ ಮತ್ತೆ ಲೆಕ್ಕ. ಎಲ್ಲರೂ ಊರಿಗೆ ಹೋಗಿದ್ದ ಎಂಟು ದಿನಗಳಿಗೆ ಎಂಟು ಅಡ್ಡಗೆರೆಗಳು. ಒಂಬತ್ತನೆಯ ದಿನ ಏನೂ ಆಗಿಲ್ಲವೆಂಬಂತೆ ಮತ್ತೆ ಲೆಕ್ಕ.

ಒಂದೇ ಪುಸ್ತಕದಲ್ಲಿ ಒಂದು ಅಭ್ಯಾಸವು ಸತ್ತು ಇನ್ನೊಂದು ವರ್ಷವೆಲ್ಲ ಬದುಕಿದುದೇಕೆ? ನಮ್ಮ ಮನೆಯವರಿಗೆ ನಮಗಿಂತ ಹೆಚ್ಚು ಮನೋಬಲವುಂಟೆಂಬುದೇನೋ ನಿಜವೇ. ಆದರೆ ಕಾರಣವು ಅದೊಂದೇ ಅಲ್ಲ. ಹಾಲಿನ ಲೆಕ್ಕವು ಹಾಲು ಬರುವ ಹೊತ್ತಿಗೆ ಗಂಟುಹಾಕಿಕೊಂಡಿದೆ. ಅದನ್ನು ನೆನಪಿಸಿಕೊಳ್ಳಬೇಕಾದುದಿಲ್ಲ, ಹಾಲೇ ಬಂದು ನೆನಪಿಸುತ್ತದೆ. ಅಲ್ಲದೆ ಅಡ್ಡಗೆರೆಯನ್ನು ಎಳೆದವರು ಅದನ್ನು ತಮ್ಮ ಶೀಲಕ್ಕೆ ತಗುಲಿದ ಕಳಂಕವೆಂದು ಬಗೆಯಲಿಲ್ಲ.

ಲೆಕ್ಕದ ಮಾತು ಬಂದುದರಿಂದ ಮಹಾತ್ಮ ಗಾಂಧಿಯವರ ವಿಷಯವನ್ನು ಹೇಳಬೇಕಾಗುತ್ತದೆ. 1888ರಲ್ಲಿ ಕಾನೂನನ್ನು ಓದಲು ಲಂಡನ್ನಿಗೆ ಹೋದ ಅವರು ಅಲ್ಲಿ ಬಸ್ಸಿನ ಬಾಡಿಗೆ, ಅಂಚೆಯ ಖರ್ಚು, ವೃತ್ತಪತ್ರಿಕೆಗೆ ಕೊಟ್ಟ ಚಿಲ್ಲರೆ ಕಾಸು ಇವುಗಳನ್ನು ಕೂಡ ಬಿಡದೆ ಬರೆದು, ಪ್ರತಿರಾತ್ರಿಯೂ ಮಲಗುವ ಮುನ್ನ ಲೆಕ್ಕವನ್ನು ಸರಿಹೊಂದಿಸುತ್ತಿದ್ದರೆಂದು ತಮ್ಮ ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಮುಂದೆ ಲಕ್ಷಗಟ್ಟಲೆ ಸಾರ್ವಜನಿಕ ಹಣವು ಅವರ ಕೈಯಲ್ಲಿ ಹಾದುಹೋಗುವ ಕಾಲ ಬಂದಾಗ, ತಾವು ನಡೆಸಿದ ಚಳವಳಿಗಳಲ್ಲಿ ಸಾಲವು ಉಳಿಯದೆ ಹಣವೇ ಮಿಗುತ್ತಿದ್ದುದಕ್ಕೆ ಈ ಅಭ್ಯಾಸವೇ ಕಾರಣವೆಂದು ಅವರು ನಂಬಿದ್ದರು.

ಅದೇ ಆತ್ಮಕಥೆಯಲ್ಲಿ ಅಷ್ಟಾಗಿ ಜನರ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ನಮಗೆ ಅದೇ ಹೆಚ್ಚು ಪ್ರಿಯವಾದುದು. ದಕ್ಷಿಣ ಆಫ್ರಿಕೆಯಲ್ಲಿ ವಕೀಲಿಯ ಕೆಲಸದ ನಡುವೆ ಗೀತೆಯನ್ನು ಬಾಯಿಪಾಠ ಮಾಡಬೇಕೆಂಬ ಇಚ್ಛೆ ಅವರಿಗಾಯಿತು. ಬೇರೆ ಹೊತ್ತೆಲ್ಲಿಯದು? ಬೆಳಗ್ಗೆ ಹಲ್ಲುಜ್ಜಲು 15 ನಿಮಿಷ, ಸ್ನಾನಕ್ಕೆ 20 ನಿಮಿಷ ಹೇಗೂ ಹಿಡಿಯುತ್ತಿದ್ದುವು. ನಿಂತು ಹಲ್ಲುಜ್ಜುವಾಗ ಎದುರಿಗಿರುವ ಗೋಡೆಯ ಮೇಲೆ ಶ್ಲೋಕಗಳನ್ನು ಬರೆದ ಚೀಟಿಗಳನ್ನು ಅಂಟಿಸಿದರು. ಹೊಸ ಶ್ಲೋಕಗಳನ್ನು ಕಲಿಯುವುದಕ್ಕೂ ಹಳೆಯವನ್ನು ನೆನೆಯುವುದಕ್ಕೂ ಆ 35 ನಿಮಿಷಗಳೇ ಸಾಕಾದುವು. ಹೀಗೆ ಹದಿಮೂರು ಅಧ್ಯಾಯಗಳು ಬಾಯಿಗೆ ಬಂದುವು. ಅನಂತರ ಬೇರೆ ಕಾರ್ಯಗಳು ಮೇಲೆ ಬಿದ್ದು ಉಳಿದ ಐದು ಅಧ್ಯಾಯಗಳ ಪಾಠವು ನಿಂತಿತು. ಅದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ಹದಿನೆಂಟಾಗಲಿಲ್ಲವಲ್ಲಾ ಎಂದು ಕೊರಗುವವನಿಗೆ ಹದಿಮೂರೂ ದಕ್ಕುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಹದಿಮೂರೆಂಬ ಸಂಖ್ಯೆಯಿಂದ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನ ನೆನಪಾಗುತ್ತದೆ. 1706ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿ, ಫಿಲಡೆಲ್ಫಿಯದಲ್ಲಿ ಮುದ್ರಣಾಲಯವನ್ನು ನಡೆಸಿ ಮೇಲಕ್ಕೆ ಬಂದ ಈತನು, ಯೌವನದಲ್ಲಿಯೇ ಸರ್ವಗುಣಸಂಪನ್ನನಾಗಬೇಕೆಂದು ಹವಣಿಸಿದನು. ಮಿತಾಹಾರ, ಮಿತಭಾಷಣ, ಅಚ್ಚುಕಟ್ಟು, ಮಿತವ್ಯಯ ಮೊದಲಾದ ಹನ್ನೆರಡು ಗುಣಗಳನ್ನು ಆರಿಸಿಕೊಂಡನು. ‘ನಿನಗೆ ಗರ್ವ ಹೆಚ್ಚು’ ಎಂದು ಸ್ನೇಹಿತನೊಬ್ಬನು ಹೇಳಲಾಗಿ, ವಿನಯವನ್ನೂ ಕೂಡಿಸಿ ಹದಿಮೂರು ಮಾಡಿದನು. ಒಂದು ಸಣ್ಣ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಗೆರೆಗಳನ್ನೆಳೆದು, ವಾರಕ್ಕೊಂದು ಗುಣದಂತೆ ಸಾಧಿಸುತ್ತ, ತಪ್ಪಿದಾಗಲೆಲ್ಲ ಒಂದು ಕಪ್ಪು ಚುಕ್ಕೆಯನ್ನಿಡುತ್ತಿದ್ದನು. ಹದಿಮೂರು ವಾರಗಳಿಗೊಂದು ಆವೃತ್ತಿ. ವರ್ಷಕ್ಕೆ ನಾಲ್ಕು ಆವೃತ್ತಿ. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದವೇ ತೂತಾದಾಗ ದಂತದ ಹಾಳೆಗಳನ್ನು ತಂದು, ಒದ್ದೆಯ ಸ್ಪಂಜಿನಿಂದ ಒರಸುವ ಏರ್ಪಾಡನ್ನು ಮಾಡಿಕೊಂಡನು. ಎಲ್ಲಕ್ಕಿಂತಲೂ ಅಚ್ಚುಕಟ್ಟೆಂಬ ಗುಣವೇ ಆತನನ್ನು ಹೆಚ್ಚಾಗಿ ಕಾಡಿತಂತೆ. ಮುಪ್ಪಿನಲ್ಲಿಯೂ ಅದು ಕೈವಶವಾಗಲಿಲ್ಲವೆಂದು ತಾನೇ ಒಪ್ಪಿಕೊಂಡಿದ್ದಾನೆ.

ಈ ಸಂದರ್ಭದಲ್ಲಿ ಆತನು ಹೇಳುವ ಕಥೆಯೊಂದುಂಟು. ಒಬ್ಬನು ಕಮ್ಮಾರನಿಂದ ಕೊಡಲಿಯನ್ನು ಕೊಂಡು, ಅಲಗಿನಂತೆಯೇ ಕೊಡಲಿಯೆಲ್ಲವೂ ಹೊಳೆಯಬೇಕೆಂದನು. ಸಾಣೆಯ ಚಕ್ರವನ್ನು ನೀನೇ ತಿರುಗಿಸುವುದಾದರೆ ಆಗಲಿ ಎಂದನು ಕಮ್ಮಾರ. ತಿರುಗಿಸಿ ತಿರುಗಿಸಿ ದಣಿದ ಆ ಮನುಷ್ಯನು, ಇನ್ನೂ ಚುಕ್ಕೆಗಳು ಉಳಿದಿರುವಾಗಲೇ, ತನಗೆ ಚುಕ್ಕೆಯ ಕೊಡಲಿಯೇ ಮೆಚ್ಚಿಗೆಯೆಂದು ಹೇಳಿ ಮನೆಗೆ ಹೋದನಂತೆ! ಸೋಮಾರಿಯ ಈ ಸಮಾಧಾನವನ್ನು ಕಂಡು ಫ್ರಾಂಕ್ಲಿನ್ನನು ನಗುತ್ತಾನೆ, ನಾವೂ ನಗಬಹುದು. ಆದರೆ ಮರ ಕಡಿಯಲು ಅಲಗು ಹರಿತವಾಗಿದ್ದರೆ ಸಾಕೆಂಬುದನ್ನು ಮರೆಯಬಾರದು. ಕೊಡಲಿಯು ಹೊಳೆಯಲಿಲ್ಲವೆಂದು ಅದನ್ನು ಅಟ್ಟಕ್ಕೆಸೆದವನಿಗೆ ಸೌದೆಯೆಲ್ಲಿಂದ ಬರಬೇಕು?

ಯಾವ ಅಭ್ಯಾಸವೇ ಆಗಲಿ 21 ದಿನಗಳಲ್ಲಿ ನೆಲೆಗೊಳ್ಳುತ್ತದೆಂಬ ಮಾತೊಂದು ಎಲ್ಲೆಲ್ಲೂ ಹಬ್ಬಿದೆ. ಇದರ ಮೂಲವನ್ನು ಹುಡುಕಿದರೆ ಅಮೆರಿಕದ ಶಸ್ತ್ರವೈದ್ಯ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬವರು 1960ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಹೋಗಿ ನಿಲ್ಲುತ್ತೇವೆ. ಮುಖದ ಶಸ್ತ್ರಚಿಕಿತ್ಸೆಯಾದವರು ಕನ್ನಡಿಯಲ್ಲಿ ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಮೆಯೆಂದರೂ ಸುಮಾರು 21 ದಿನಗಳಾದರೂ ಬೇಕೆಂದು ಅವರು ಬರೆದರು. ‘ಕಡಮೆಯೆಂದರೂ’ ಎಂಬುದು ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ಉದುರಿಹೋಯಿತು. ಮುಖದ ಮಾತು ಬೆಳಗಿನ ನಡಿಗೆಗೂ ಅಂಟಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಅವರ ಸಹೋದ್ಯೋಗಿಗಳು 96 ಜನರನ್ನು 12 ವಾರಗಳ ಕಾಲ ಗಮನಿಸಿ 2009ರಲ್ಲಿ ಪ್ರಕಟಿಸಿದ ಪರಿಶೋಧನೆಯು ಬೇರೆಯೇ ಹೇಳುತ್ತದೆ. ದಿನದ ಯಾವುದಾದರೊಂದು ಗೊತ್ತಾದ ಕೆಲಸದ ಹಿಂದೆಯೇ, ಎಂದರೆ ಬೆಳಗಿನ ಉಪಾಹಾರವಾದ ಕೂಡಲೇ ಎಂಬಂತೆ, ತಾವು ಆರಿಸಿದ ಹೊಸ ಅಭ್ಯಾಸವನ್ನು ಅವರು ಸೇರಿಸಿಕೊಂಡಿದ್ದರು. ಅದು ತಾನಾಗಿ ನಡೆಯುವಂತಾಗಲು ಬೇಕಾದ ಕಾಲವು ಒಬ್ಬರಿಗೆ 18 ದಿನವಾದರೆ ಇನ್ನೊಬ್ಬರಿಗೆ 254 ದಿನವೆಂದು ಲೆಕ್ಕ ಬಂದಿತು. ನಡುವಣ ಸಂಖ್ಯೆ 66. ನೀರು ಕುಡಿಯುವಂಥ ಸುಲಭದ ಕೆಲಸವು ಬೇಗನೆಯೂ ವ್ಯಾಯಾಮದಂಥದು ನಿಧಾನವಾಗಿಯೂ ನೆಲೆಗೊಂಡುವು. ನಮ್ಮ ಮಟ್ಟಿಗೆ ಮುಖ್ಯವಾದ ಮಾತೆಂದರೆ, ನಡುವೆ ಒಂದು ದಿನ ತಪ್ಪಿದುದರಿಂದ ಅಭ್ಯಾಸದ ಬೆಳವಣಿಗೆಗೆ ಹೇಳತಕ್ಕಷ್ಟು ಹಾನಿಯಾಗಲಿಲ್ಲವೆಂದು ಅವರು ಕಂಡುದು. ಈಚೆಗೆ ಮೊಬೈಲುಗಳಲ್ಲಿ ದಿನಗಳ ಸರಪಳಿಯನ್ನು ಎಣಿಸಿ ತೋರಿಸುವ ಏರ್ಪಾಡುಗಳಿವೆ. ಒಂದು ದಿನ ತಪ್ಪಿದರೆ ನೂರು ದಿನಗಳ ಎಣಿಕೆಯೂ ಸೊನ್ನೆಗೆ ಇಳಿಯುತ್ತದೆ. ನಮ್ಮ 13ನೆಯ ತಾರೀಖಿನ ಮೂರ್ಖತನವನ್ನೇ ಯಂತ್ರಕ್ಕೂ ಕಲಿಸಿದ್ದಾರೆ.

ಇಲ್ಲಿ ನಮ್ಮ ಓದುಗರಾದ ಗೃಹಿಣಿಯರು, ‘ಇದೆಲ್ಲ ಬಿಡುವಿದ್ದವರ ಮಾತು’ ಎನ್ನಬಹುದು. ಹಾಗೆನ್ನುವುದು ಅನ್ಯಾಯವಲ್ಲ. ಫ್ರಾಂಕ್ಲಿನ್ನನು ಚುಕ್ಕೆಗಳನ್ನಿಡುತ್ತಿದ್ದ ಕಾಲದಲ್ಲಿ ಆತನ ಹೆಂಡತಿ ಡೆಬೊರಾ ಅಂಗಡಿಯನ್ನು ನೋಡಿಕೊಂಡು, ಅಚ್ಚಾದ ಹಾಳೆಗಳನ್ನು ಮಡಿಸಿ ಹೊಲಿಯುತ್ತಿದ್ದಳೆಂದು ಆತನೇ ಕೃತಜ್ಞತೆಯಿಂದ ಬರೆದಿದ್ದಾನೆ. ಆಕೆಯ ಹದಿಮೂರು ಗುಣಗಳ ಪಟ್ಟಿಯು ಎಲ್ಲಿಯೂ ಅಚ್ಚಾದುದನ್ನು ನಾವು ಕಂಡಿಲ್ಲ. ತನ್ನದೆನ್ನುವ ಒಂದು ಗಳಿಗೆಯೂ ಇಲ್ಲದವರು ಏನು ಮಾಡಬೇಕು? ಇದಕ್ಕೆ ನಾವು ಕಣ್ಣಾರೆ ಕಂಡ ಒಂದು ಸಂಗತಿಯ ಹೊರತು ಬೇರೆ ಉತ್ತರವನ್ನರಿಯೆವು.

ನಮ್ಮ ಸೋದರತ್ತೆಯವರು ಗಂಡನನ್ನು ಕಳೆದುಕೊಂಡ ಮೇಲೆ ನಮ್ಮ ತಂದೆಯವರ ಮನೆಯಲ್ಲಿಯೇ ಇದ್ದರು. ಅವರ ಒಬ್ಬಳೇ ಮಗಳನ್ನು ಧಾರವಾಡದ ಕಡೆಗೆ ಕೊಟ್ಟಿತ್ತು. ಅತ್ತೆಯವರು ಅಚ್ಚಿನ ಅಕ್ಷರಗಳನ್ನು ಕೂಡಿಸಿಕೊಂಡು ಓದಬಲ್ಲವರಾಗಿದ್ದರು, ಬರೆಯಲು ಬಾರದು. ಆದುದರಿಂದ ಮಗಳಿಗೆ ಕಾಗದವನ್ನು ಅವರು ಹೇಳಿದಂತೆ ಬರೆಯುವುದು ಶಾಲೆಯ ಹುಡುಗರಾಗಿದ್ದ ನಮ್ಮ ಕೆಲಸ. ‘ಉಭಯಕುಶಲೋಪರಿ. ಇತ್ತ ಎಲ್ಲರೂ ಕ್ಷೇಮ’ ಎಂದು ಮೊದಲಾಗಿ, ಹಸು ಕರು ಹಾಕಿದ ಸುದ್ದಿಯಲ್ಲಿ ಮುಗಿಯುತ್ತಿತ್ತು. ‘ಇನ್ನೇನು ಬರೆಯಲಿ ಅತ್ತೆ?’ ಎಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಾಕು ಮಗು, ವಿಳಾಸ ಬರಿ’ ಎನ್ನುತ್ತಿದ್ದರು.

ಅವರಿಗೆ ಐವತ್ತು ದಾಟಿದ ಮೇಲೆ, ಒಂದು ಸಂಜೆ ದೇವರ ದೀಪವನ್ನು ಹಚ್ಚಿದವರು ನಮ್ಮ ಒಡೆದ ಸ್ಲೇಟೊಂದನ್ನು ತೆಗೆದುಕೊಂಡು ದೀಪದ ಬಳಿ ಕುಳಿತರು. ಅಡಿಗೆಯ ಒಲೆ ಕರೆಯುವವರೆಗೆ ಎರಡೇ ಸಾಲು. ಅಂದಿನಿಂದ ದೀಪ ಹಚ್ಚಿದ ಮೇಲೆ ಎರಡು ಸಾಲು ಬರೆಯುವುದು ರೂಢಿಯಾಯಿತು. ಹಪ್ಪಳ ಉಪ್ಪಿನಕಾಯಿಯ ದಿನಗಳಲ್ಲಿ ತಪ್ಪಿತು. ಮನೆಯಲ್ಲಿ ಜ್ವರ ಬಂದಾಗ ತಪ್ಪಿತು. ಮಗಳು ಬಾಣಂತನಕ್ಕೆ ಬಂದಾಗ ಮೂರು ತಿಂಗಳು ಸ್ಲೇಟು ಗೂಡಿನಿಂದ ಕೆಳಗಿಳಿಯಲೇ ಇಲ್ಲ. ಮಗಳು ಹಿಂದಿರುಗಿದ ದಿನದ ಸಂಜೆ, ದೀಪ ಹಚ್ಚಿ, ಸೆರಗಿನಿಂದ ಸ್ಲೇಟಿನ ಧೂಳನ್ನೊರಸಿ ಕುಳಿತರು.

‘ಇಷ್ಟು ದಿನ ಬಿಟ್ಟಿರಲ್ಲ ಅತ್ತೆ, ಎಲ್ಲಾ ಮರೆತುಹೋಗಿರಬೇಕು’ ಎಂದೆವು.

‘ಒತ್ತಕ್ಷರ ಮರೆತಿದೆ. ನೀನೇ ಒಮ್ಮೆ ಬರೆದು ತೋರಿಸು’ ಎಂದರು.

ಎರಡು ವರ್ಷಗಳ ಮೇಲೆ ಒಂದು ದಿನ ಅತ್ತೆಯವರು ಒಂದು ನೀಲಿಯ ಇನ್‌ಲ್ಯಾಂಡ್ ಕಾಗದವನ್ನು ತರಿಸಿಕೊಂಡರು. ಮೂರು ಸಂಜೆ ಬರೆದರು. ಅಂಟು ಸಾಲದೆಂದು ಅನ್ನದ ಅಗುಳಿನಿಂದ ನಾಲ್ಕೂ ಕಡೆ ಬಿಗಿಯಾಗಿ ಮೆತ್ತಿ, ವಿಳಾಸವನ್ನೂ ತಾವೇ ಬರೆದು, ಟಪಾಲು ಪೆಟ್ಟಿಗೆಗೆ ಹಾಕಿ ಬಾ ಎಂದು ನಮ್ಮ ಕೈಗೆ ಕೊಟ್ಟರು. ಅಕ್ಷರಗಳು ಒಂದು ದಪ್ಪ, ಒಂದು ಸಣ್ಣ. ಊರಿನ ಹೆಸರಿನಲ್ಲಿ ಒಂದು ದೀರ್ಘವು ಬಿಟ್ಟುಹೋಗಿತ್ತು. ನಾವು ಅದನ್ನು ತಿದ್ದಲೇ ಎಂದು ಕೇಳಲಿಲ್ಲ. ಅದರಲ್ಲಿ ಏನಿತ್ತೆಂಬುದನ್ನು ಅವರೂ ಹೇಳಲಿಲ್ಲ, ಮಗಳೂ ಹೇಳಲಿಲ್ಲ. ಹದಿನೈದು ದಿನಗಳಲ್ಲಿ ಉತ್ತರ ಬಂದಿತು. ಅದುವರೆಗೆ ಮಗಳ ಕಾಗದಗಳನ್ನು ನಡುಮನೆಯಲ್ಲಿ ನಾವು ಎಲ್ಲರಿಗೂ ಕೇಳುವಂತೆ ಓದುವುದು ವಾಡಿಕೆಯಾಗಿದ್ದಿತು. ಆ ಕಾಗದವನ್ನು ಮಾತ್ರ ಅತ್ತೆಯವರು ಹಿತ್ತಲಿನ ಕಲ್ಲಿನ ಮೇಲೆ ಒಬ್ಬರೇ ಕುಳಿತು, ಅಕ್ಷರ ಅಕ್ಷರವಾಗಿ ಕೂಡಿಸಿಕೊಂಡು, ಕತ್ತಲಾಗುವವರೆಗೆ ಓದಿದರು. ಅಂದು ದೀಪ ಹಚ್ಚುವುದು ಸ್ವಲ್ಪ ತಡವಾಯಿತು.